ಸಮಸ್ಯಾಪೂರಣ: ಮಗನ ಬಸುರಿನೊಳಿಂದ ತಂದೆಯು ಹುಟ್ಟಿ ಬಂದನಲಾ

ನಿರ್ವಾಹಕರು, ರಾಯಚೂರು:
ಸಮಸ್ಯಾಪೂರಣ ಎಂದರೆ ಕೊಟ್ಟ ಒಗಟಿನಂಥ ಸಾಲಿಗೆ ಅರ್ಥ ಕೂಡುವಂತೆ ಪದ್ಯ ಪೂರ್ತಿ ಮಾಡುವುದು. ಈ ಸಲ ಆರು ಸಾಲಿನ ಭಾಮಿನಿ ಷಟ್ಪದಿ. ಮೇಲಿನದು ಆರನೇ ಸಾಲು, ಉಳಿದ ಐದು ನಿಮ್ಮವು. ದುಡ್ಡು, ಬಿರುದು, ಹೆಸರು ಯಾಕೆ ಬೇಕು ಎಂದು ಲೋಕವನ್ನೇ ಕೇಳುವ ಒಂದು ಪಾತ್ರ; ಅದನ್ನು ಬರೆದವನು ಅದರ ಬಗ್ಗೆ ಏನು ನೆನೆಯುತ್ತಾನೆ, ಅದೇ ವಸ್ತು.

ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ ಇದೇ ಛಂದಸ್ಸಿನಲ್ಲಿದೆ, ಹಾಗಾಗಿ ನಮ್ಮ ಕಡೆಯವರ ಕಿವಿಗೆ ಲಯ ಹೊಸದಲ್ಲ. ಆದರೂ ಲೆಕ್ಕ ಹೇಳಿಬಿಡುತ್ತೇನೆ. 1, 2, 4, 5ನೇ ಸಾಲಿಗೆ 3+4+3+4, ಒಟ್ಟು 14 ಮಾತ್ರೆ (ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ; ಉದ್ದದ್ದು ಅಥವಾ ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ). 3 ಮತ್ತು 6ಕ್ಕೆ 3+4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಕೊನೆಯ ಅಕ್ಷರ ಲಘುವಾದರೂ ಅಲ್ಲಿ ಗುರುವೆಂದೇ ಎಣಿಕೆ. ಸಮಸ್ಯೆ ಹೀಗೆ ಒಡೆಯುತ್ತದೆ: ಮಗನ | ಬಸುರಿನೊ | ಳಿಂದ | ತಂದೆಯು | ಹುಟ್ಟಿ | ಬಂದನ | ಲಾ. ಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ಗಕಾರ; ಅದರ ಹಿಂದೆ ಲಘುವೇ ಇರಬೇಕು. ಜಗ, ನಗು, ಹಗಲು ನಡೆಯುತ್ತವೆ. ರಾಗ, ಭೋಗ ನಡೆಯುವುದಿಲ್ಲ.

ಸಿಂಧನೂರು:
ಹಗಲು ಕಾಸಿನ ಲೆಕ್ಕ ಬರೆಯುತ
ಬಿರುದಿಗೆ ಬಗೆಯ ಮಾರಿಕೊಂಡವ
ಸೊಗಸ ಜರೆಯುವ ಜೋಗಿಯೊಬ್ಬನ ಹಡೆದ ಬರೆಹದಲಿ
ಅಗಳು ಸುವರ್ಣವಾದರುಂಬೆಯ
ನಗುತ ಕೇಳಿದ ಜೋಗಿ; ಬರೆದವ
ಮಗನ ಬಸುರಿನೊಳಿಂದ ತಂದೆಯು ಹುಟ್ಟಿ ಬಂದನಲಾ

ನಿರ್ವಾಹಕರು, ರಾಯಚೂರು:
ಅನ್ನದ ಅಗಳು ಬಂಗಾರದ್ದಾದರೆ ಉಣ್ಣುತ್ತೀಯಾ ಎಂಬ ಪ್ರಶ್ನೆ ಬಹಳ ಛಲೋ ಬಂದಿದೆ ಸರ. ಜೋಗಿ ಉಪದೇಶಕ್ಕೆ ಕೂಡದೆ ತಾಟಿನ ಮುಂದೆ ಕೂತು ಕೇಳಿದಂತಿದೆ. ಎರಡು ಕಡೆ ತಿದ್ದಬೇಕು. ಎರಡನೇ ಸಾಲಿನ ಮಾತ್ರೆ 14 ಇದ್ದರೂ ‘ಬಿರುದಿಗೆ’ ಎಂದು ಶುರುವಾಗಿ ಪ್ರಾಸ ತಪ್ಪಿತು. ಪದ ಅದಲುಬದಲು ಮಾಡಿದರೆ ಸಾಕು: ‘ಬಗೆಯ ಬಿರುದಿಗೆ ಮಾರಿಕೊಂಡವ’. ನಾಲ್ಕನೆಯದರಲ್ಲಿ ‘ಸುವರ್ಣ’ ನಾಲ್ಕು ಮಾತ್ರೆಯೇ, ಆದರೆ ಲಘು ಆದಮೇಲೆ ಗುರು ಬಂದು ಗಣ (ಆ ಮಾತ್ರೆಗಳ ಗುಂಪು) ಆರಂಭದಲ್ಲೇ ಮುಗ್ಗರಿಸುತ್ತದೆ. ಬೆರಳೆಣಿಕೆಗೆ ಇದು ಸಿಗುವುದಿಲ್ಲ, ಹಾಡಿದರೆ ಸಿಗುತ್ತದೆ. ‘ಅಗಳು ಹೊನ್ನಿನದಾದರುಂಬೆಯ’ ಎನ್ನಿ.

ಗಂಗಾವತಿ:
ಛಂದಸ್ಸು ಕೂಡಿತು, ಒಗಟು ಪೂರ್ತಿ ಬಿಡಲಿಲ್ಲ. ಮಗ ಅಂದರೆ ಪಾತ್ರ, ತಂದೆ ಅಂದರೆ ಬರೆದವನು, ಇಷ್ಟು ಸರಿ. ಆದರೆ ಗಂಡುಮಗನಿಗೆ ಬಸುರು ಎಲ್ಲಿಂದ ಬಂತು? ಸಮಸ್ಯೆಯಲ್ಲಿರುವ ಒಂದು ಪದಕ್ಕೂ ಉತ್ತರ ಬಾಕಿ ಉಳಿಯಬಾರದು. ಅಲ್ಲದೆ ಜೋಗಿ ಕೇಳಿದ ಕೂಡಲೇ ಬರೆದವನು ಬದಲಾದದ್ದು ಅವಸರವಾಯಿತು. ಅವನ ಕಣ್ಣು ಯಾಕೆ ತೆರೆಯಿತು ಎಂಬುದಕ್ಕೆ ಪದ್ಯದಲ್ಲೇ ಕಾರಣ ಬೇಕು.

ಮಾನ್ವಿ:
ಗಂಗಾವತಿ ಅಕ್ಕಾರು ಕೇಳಿದ ಬಸುರಿಗೆ ಹೊಟ್ಟೆಯನ್ನೇ ಹಿಡಿದೆ, ಹಸಿದ ಹೊಟ್ಟೆ. ಐದನೇ ಸಾಲನ್ನು ಮೊದಲು ಕಟ್ಟಿದರೆ ಕೆಲಸ ಹಗುರ, ಗಂಟು ಬಿಚ್ಚುವುದು ಅಲ್ಲೇ. ಆಮೇಲೆ ಮೂರನೆಯದು, ಕಡೆಗೆ ಮೊದಲೆರಡು.

ಮೊಗೆದು ಮಾರಿದ ಹಂಪೆ ಬೀದಿಯ
ಮಿಗುವ ಮುತ್ತಿನ ರಾಶಿಯೆಲ್ಲಿದೆ
ಬಗೆದು ನೋಡೆಂದವನ ಕಥೆಯಲಿ ಬರೆದ ಕವಿಗಂದು
ಹಗೆವು ಬರಿದಾಗಿರಲು ಕಾಸಿಗೆ
ಬಿಗಿದ ಕಂಗಳು ತೆರೆದುವಾ ಬಡ
ಮಗನ ಬಸುರಿನೊಳಿಂದ ತಂದೆಯು ಹುಟ್ಟಿ ಬಂದನಲಾ

ಜೋಳ ತುಂಬಿಡುವ ಹಗೇವನ್ನು ಮಾತ್ರೆಗಾಗಿ ‘ಹಗೆವು’ ಎಂದು ಗಿಡ್ಡ ಮಾಡಿದ್ದೇನೆ.

ಗಂಗಾವತಿ:
‘ಬಡ’ ಐದನೇ ಸಾಲಿನ ತುದಿಯಲ್ಲಿದ್ದು ‘ಮಗನ’ ಜೊತೆ ಕೂಡಿಕೊಂಡಿತಲ್ಲ, ಪೂರಣ ಗೆದ್ದದ್ದು ಅಲ್ಲಿ. ಬರೆದವನಿಗೆ ಪಾತ್ರದ ಮಾತಿಗಿಂತ ಅದರ ಹಸಿವು ಮೊದಲು ತಟ್ಟಿದೆ. ಮುತ್ತಿನ ರಾಶಿಯ ಎದುರಿಗೆ ಖಾಲಿ ಹಗೇವು ಬಂದದ್ದೂ ತೂಕ ಹೆಚ್ಚಿಸಿದೆ.

ನಿರ್ವಾಹಕರು, ರಾಯಚೂರು:
ಒಪ್ಪಿದೆ. ಓದುವವರು ಐದನೇ ಸಾಲಿನ ಕೊನೆಗೆ ನಿಲ್ಲಬೇಡಿ. ‘ತೆರೆದುವು’ ಆದಮೇಲೆ ಕೊಂಚ ತಡೆದು, ‘ಆ ಬಡ ಮಗನ’ ಎಂಬುದನ್ನು ಒಂದೇ ಉಸಿರಿಗೆ ಹೇಳಿ.