ಡಿಸ್ತೈಮಿಯಾ (ವರ್ಷಗಟ್ಟಲೆ ಎಳೆಯುವ ಸೌಮ್ಯ ಖಿನ್ನತೆ): ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಮಿರ್ಟಾಜಪಿನ್‌ಗಳಲ್ಲಿ ಯಾವುದು?

ಪ್ರಶ್ನೆ:
ಅಮ್ಮನಿಗೆ 67 ವರ್ಷ. ಮೂರು ವರ್ಷದಿಂದ ಮನಸ್ಸಿಗೆ ಮಂಕು. ಮನೆಕೆಲಸ ನಡೆಯುತ್ತೆ, ಯಾವುದರಲ್ಲೂ ಉತ್ಸಾಹವಿಲ್ಲ, ನಿದ್ದೆಯೂ ಕಡಿಮೆ. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಇರುವ ಮಾತ್ರೆ ತಗೊಳ್ತಾರೆ. ಮನೋವೈದ್ಯರು ಈ ಮೂರು ಔಷಧಿ ಹೇಳಿದ್ದಾರೆ. ವ್ಯತ್ಯಾಸವೇನು?

ಉತ್ತರ 1:
ಗುಣ ಕೊಡುವುದರಲ್ಲಿ ದೊಡ್ಡ ಅಂತರವಿಲ್ಲ, ಅಡ್ಡಪರಿಣಾಮ ನೋಡಿಯೇ ಆರಿಸುವುದು. ಸರ್ಟ್ರಾಲಿನ್ ಸಾಮಾನ್ಯವಾಗಿ 25 ಮಿ.ಗ್ರಾಂನಿಂದ ಶುರುವಾಗಿ 50ಕ್ಕೆ ಏರುತ್ತೆ. ಭೇದಿ ಸ್ವಲ್ಪ ಜಾಸ್ತಿ. ಎಸ್ಸಿಟಲೋಪ್ರಾಮ್ 5ರಿಂದ ಶುರು, ಈ ವಯಸ್ಸಿಗೆ 10 ದಾಟಿಸುವುದಿಲ್ಲ; ಹೃದಯದ ತೊಂದರೆ ಇದ್ದರೆ ಮೊದಲು ಇಸಿಜಿ ಬೇಕು. ಮಿರ್ಟಾಜಪಿನ್ ರಾತ್ರಿ 7.5 ಅಥವಾ 15: ನಿದ್ದೆ, ಹಸಿವು ಎರಡೂ ಬರುತ್ತೆ, ತೂಕವೂ ಏರುತ್ತೆ.

ನಿಮ್ಮ ತಾಯಿಯ ವಿಷಯದಲ್ಲಿ ನನ್ನ ಚಿಂತೆ ಸೋಡಿಯಂ (ರಕ್ತದಲ್ಲಿನ ಉಪ್ಪಿನಂಶ) ಬಗ್ಗೆ. ಆ ಬಿಪಿ ಮಾತ್ರೆಯೂ ಸೋಡಿಯಂ ಇಳಿಸುತ್ತೆ, ಮೊದಲ ಎರಡು ಔಷಧಿಗಳೂ ಇಳಿಸುತ್ತವೆ. ಎರಡೂ ಸೇರಿದರೆ ಮೊದಲ ಕೆಲವೇ ವಾರಗಳಲ್ಲಿ ತಲೆನೋವು, ತೂರಾಟ, ಗೊಂದಲ ಕಾಣಿಸಬಹುದು. ಮನೆಯವರು ಅದನ್ನು ‘ಖಿನ್ನತೆ ಜಾಸ್ತಿಯಾಯ್ತು’ ಅಂದುಕೊಂಡುಬಿಡ್ತಾರೆ. ಶುರು ಮಾಡುವ ಮುಂಚೆ ಒಮ್ಮೆ, ಎರಡು ವಾರದ ನಂತರ ಒಮ್ಮೆ ಸೋಡಿಯಂ ನೋಡಿಸಿ. ಮಿರ್ಟಾಜಪಿನ್‌ನಲ್ಲಿ ಈ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ.

ಉತ್ತರ 2:
ಹೊಟ್ಟೆ ತೊಳಸುವುದು ಮೊದಲ ದಿನದಿಂದಲೇ ಬರಬಹುದು, ಗುಣ ಕಾಣಲು 2ರಿಂದ 4 ವಾರ, ಪೂರ್ತಿ ತಿಳಿಯಲು 6ರಿಂದ 8 ವಾರ. ಎಷ್ಟೋ ಜನ ಹತ್ತನೇ ದಿನಕ್ಕೇ ಬಿಟ್ಟುಬಿಡೋದು ಇದಕ್ಕೇ. ಊಟದ ಮೇಲೆ ಕೊಡಿ. ಹುಷಾರಾದರೂ ತಾವಾಗಿ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತೆ.

ಚೀಟಿಯಲ್ಲಿ ಕ್ಲೊನಾಜೆಪಾಮ್ (ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆ) ಇದ್ದರೆ ಎಷ್ಟು ವಾರಕ್ಕೆ ಅಂತ ಕೇಳಿ. ಅದು ಅಭ್ಯಾಸವಾಗುತ್ತೆ, ಈ ವಯಸ್ಸಲ್ಲಿ ಬೀಳುವ ಭಯವೂ ಇದೆ. ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುವ ರೂಢಿ ಇದ್ದರೆ ಅದನ್ನೂ ಹೇಳಿ: ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್ ಜೊತೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಟ್ರಮಡಾಲ್ ಎಂಬ ನೋವಿನ ಮಾತ್ರೆಯಂತೂ ವೈದ್ಯರನ್ನು ಕೇಳದೆ ಬೇಡ.

ಉತ್ತರ 3:
ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿದ್ದೀರಾ? ಇವು ಕಡಿಮೆಯಿದ್ದರೂ ಇದೇ ಮಂಕು. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆ ವಿಪರೀತ ಉಲ್ಲಾಸ, ಖರ್ಚು ಇದ್ದ ದಿನಗಳಿದ್ದರೆ ತಪ್ಪದೆ ಹೇಳಿ. ಆಗ ಚಿಕಿತ್ಸೆಯೇ ಬೇರೆ. ಸಾಯುವ ಮಾತು ಬಂದರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಹಗಲುರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ ಕೇಳಿದವರು:
ಹಳೆಯ ರಿಪೋರ್ಟಿನಲ್ಲಿ ಸೋಡಿಯಂ 133 ಇದೆ.

ಉತ್ತರ 1:
ಕನಿಷ್ಠ 135 ಇರಬೇಕು. ಹೊಸ ಮಾತ್ರೆಗೆ ಮೊದಲೇ ಈ ರಿಪೋರ್ಟ್ ವೈದ್ಯರಿಗೆ ತೋರಿಸಿ. ಬಿಪಿ ಮಾತ್ರೆಯನ್ನೇ ಆಮ್ಲೋಡಿಪಿನ್‌ಗೆ ಬದಲಿಸಬಹುದೇ ಅಂತಲೂ ಕೇಳಿ.