ಗರ್ಭಿಣಿ, ಬಾಣಂತಿ 'ಸೆರೆಮೋನಿಯಲ್ ಕಕಾವೊ' ಕುಡಿಯಬಹುದೇ?

ಶಾಲ್ಮಲೆ:

ನನಗೆ ಈಗ ಏಳನೇ ತಿಂಗಳು, ಚೊಚ್ಚಲು ಬಸುರಿ. ಬೆಂಗಳೂರಿನಲ್ಲಿ ಗರ್ಭಿಣಿಯರ ಯೋಗ ತರಗತಿಗೆ ಹೋಗುತ್ತಿದ್ದೇನೆ. ಅಲ್ಲಿ ಹುಣ್ಣಿಮೆಯ ಸಂಜೆ ಎಲ್ಲರೂ ದೀಪದ ಸುತ್ತ ಕುಳಿತು 'ಸೆರೆಮೋನಿಯಲ್ ಕಕಾವೊ', ಅಂದರೆ ಧ್ಯಾನಕ್ಕೆಂದು ಮಾಡುವ ಅಪ್ಪಟ ಕೋಕೋ ಪೇಯ, ಕುಡಿಯುವ ಕಾರ್ಯಕ್ರಮ ಇರುತ್ತದೆ. ಗ್ವಾಟೆಮಾಲಾದಿಂದ ತರಿಸಿದ, ಕೋಕೋ ಬೀಜ ಅರೆದು ಮಾಡಿದ ಕಪ್ಪು ಗಟ್ಟಿಯನ್ನು ಚಾಕುವಿನಿಂದ ಹೆರೆದು, ಒಬ್ಬೊಬ್ಬರಿಗೆ ನಲವತ್ತು ಗ್ರಾಂನಂತೆ ಬಿಸಿನೀರಿನಲ್ಲಿ ಕರಗಿಸಿ, ದಾಲ್ಚಿನ್ನಿ ಮತ್ತು ಚಿಟಿಕೆ ಮೆಣಸಿನಪುಡಿ ಹಾಕಿ ಕೊಡುತ್ತಾರೆ. ಸಕ್ಕರೆ ಇಲ್ಲ. ಮಗುವಿಗೆ ಹೇಳಬೇಕಾದ ಒಂದು ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡು ನಿಧಾನವಾಗಿ ಕುಡಿಯಬೇಕು.

ಕಳೆದ ಸಲ ನಾನು ಅರ್ಧ ಲೋಟ ಕುಡಿದೆ. ಮನಸ್ಸು ಹಗುರವಾಯಿತು, ಕಣ್ಣೀರೂ ಬಂತು, ಅದು ನನಗೆ ಬೇಕಾಗಿತ್ತು. ಆದರೆ ಮನೆಗೆ ಬಂದ ಮೇಲೂ ಎದೆ ಹೊಡೆದುಕೊಳ್ಳುತ್ತಿತ್ತು, ಎದೆಯುರಿಯಿಂದ ಮಲಗಲಾಗಲಿಲ್ಲ, ಮಗು ನಡುರಾತ್ರಿಯವರೆಗೂ ಒದೆಯುತ್ತಲೇ ಇತ್ತು.

ಇದರಲ್ಲಿ ಕಬ್ಬಿಣ, ಮೆಗ್ನೀಸಿಯಂ ತುಂಬಿದೆ, ಮಧ್ಯ ಅಮೆರಿಕದ ಮಾಯಾ ಜನಾಂಗದ ಹೆಂಗಸರು ಸಾವಿರಾರು ವರ್ಷಗಳಿಂದ ಬಸಿರಿನಲ್ಲಿ ಹೀಗೆಯೇ ಕುಡಿಯುತ್ತಿದ್ದಾರೆ, ಹೆತ್ತ ಮೇಲೆ ಹಾಲೂ ಹೆಚ್ಚುತ್ತದೆ ಎನ್ನುತ್ತಾರೆ ತರಗತಿಯವರು. ಶಿವಮೊಗ್ಗದಲ್ಲಿರುವ ಅಮ್ಮ 'ಉಷ್ಣ, ಮುಟ್ಟಬೇಡ' ಎನ್ನುತ್ತಾಳೆ. ವೈದ್ಯರು 'ಚಾಕೊಲೇಟ್ ತಾನೇ' ಎಂದು ಮುಂದಿನವರನ್ನು ಕರೆದರು. ನನ್ನ ಹಿಮೋಗ್ಲೋಬಿನ್ 9.6 ಇದೆ, ಕಬ್ಬಿಣದ ಮಾತ್ರೆ ನಡೆಯುತ್ತಿದೆ. ಬಾಣಂತನಕ್ಕೆ ತವರಿಗೆ ಹೋಗುವಾಗ ಒಂದು ಗಟ್ಟಿ ಒಯ್ಯಬೇಕೆಂಬ ಆಸೆಯಿದೆ. ತಿಳಿದವರು ಬಿಡಿಸಿ ಹೇಳಿ.

ಪುತ್ತೂರಿನ ಆಹಾರತಜ್ಞೆ:

ಶಾಲ್ಮಲೆಯವರೇ, ನಮ್ಮದು ಪುತ್ತೂರಿನ ಕಡೆಯ ಅಡಿಕೆ ತೋಟ, ನಡುವೆ ಕೊಕ್ಕೊ, ಅಂದರೆ ಇದೇ ಕಕಾವೊ ಗಿಡ. ಓದಿದ್ದು ಆಹಾರ ವಿಜ್ಞಾನ, ಈಗ ಮೈಸೂರಿನ ಆಸ್ಪತ್ರೆಯಲ್ಲಿ ದಿನವೂ ಬಸುರಿಯರ ಊಟದ ಪಟ್ಟಿ ಬರೆಯುವ ಕೆಲಸ. ಹಾಗಾಗಿ ಈ ಬೀಜದ ಮೇಲೆ ನನಗೆ ಪ್ರೀತಿಯೂ ಇದೆ, ನಿಮ್ಮ 9.6 ನೋಡಿ ಚಿಂತೆಯೂ ಆಗಿದೆ.

ಮೊದಲು ಅಳತೆಯ ಮಾತು. ಮನೆಯಲ್ಲಿ ಒಂದು ಚಮಚ ಕೋಕೋ ಪುಡಿಯನ್ನು ಹಾಲಿಗೆ ಕದಡಿ ಕುಡಿಯುವುದಕ್ಕೂ ನಲವತ್ತು ಗ್ರಾಂ ಅಪ್ಪಟ ಗಟ್ಟಿಯನ್ನು ಒಮ್ಮೆಗೇ ಕುಡಿಯುವುದಕ್ಕೂ ಅಜಗಜಾಂತರ. ಗಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬು. ನಲವತ್ತು ಗ್ರಾಂನಲ್ಲಿ ಕೆಫೀನ್ ಸುಮಾರು 30ರಿಂದ 35 ಮಿಲಿಗ್ರಾಂ ಇರುತ್ತದೆ, ತಳಿಯ ಮೇಲೆ ಹೆಚ್ಚೂ ಆಗಬಹುದು. ಬಸುರಿಯರಿಗೆ ಅಮೆರಿಕದ ಪ್ರಸೂತಿ ತಜ್ಞರ ಸಂಘವೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಹಾಕಿರುವ ಗಡಿ ದಿನಕ್ಕೆ 200 ಮಿಲಿಗ್ರಾಂ. ಕೆಫೀನ್ ಒಂದನ್ನೇ ನೋಡಿದರೆ ಭಯಪಡುವಂಥದ್ದೇನೂ ಇಲ್ಲ, ವೈದ್ಯರ ಉತ್ತರ ಅಷ್ಟರಮಟ್ಟಿಗೆ ಸರಿ.

ಆದರೆ ಅದೇ ಲೋಟದಲ್ಲಿ ಕೆಫೀನಿನ ಸೋದರಸಂಬಂಧಿ ಥಿಯೋಬ್ರೊಮಿನ್ ಅರ್ಧ ಗ್ರಾಂನಷ್ಟು ಇದೆ. ಹೃದಯದ ಬಡಿತ ಏರಿಸುವುದು, ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲಿಸುವುದು, ಮೂತ್ರ ಹೆಚ್ಚಿಸುವುದು, ಎಲ್ಲವೂ ಅದರ ಗುಣ. ಏಳನೇ ತಿಂಗಳಲ್ಲಿ ನಿಮ್ಮ ಹೃದಯ ಮೊದಲೇ ನಿಮಿಷಕ್ಕೆ ಹತ್ತು ಹದಿನೈದು ಬಡಿತ ಹೆಚ್ಚು ದುಡಿಯುತ್ತಿದೆ, ಹೊಟ್ಟೆಯ ಮೇಲೆ ಗರ್ಭದ ಒತ್ತಡ ಇದೆ. ಅದರ ಮೇಲೆ ಇಷ್ಟು ಕೊಬ್ಬು, ಮೆಣಸಿನಪುಡಿ, ಅದೂ ಸಂಜೆಯ ಹೊತ್ತಿಗೆ! ನಿಮ್ಮ ಎದೆಬಡಿತ, ಎದೆಯುರಿ ಎರಡಕ್ಕೂ ಇಷ್ಟು ಕಾರಣ ಸಾಕು. ಕೊನೆಯ ಮೂರು ತಿಂಗಳಲ್ಲಿ ಬಸುರಿಯ ಯಕೃತ್ತು ಕೆಫೀನನ್ನು ಹೊರಹಾಕಲು ಮಾಮೂಲಿಗಿಂತ ಎರಡು ಮೂರು ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ನಿದ್ದೆಗೆಟ್ಟಿದ್ದಕ್ಕೆ ಅದೂ ಸೇರಿರಬೇಕು. ಅಮ್ಮ 'ಉಷ್ಣ' ಎಂದಿದ್ದನ್ನು ಹಳೆಯ ಕಾಲದ ಮಾತು ಎಂದು ತಳ್ಳಿಹಾಕಬೇಡಿ. ನಿಮ್ಮ ಮೈ ಆ ರಾತ್ರಿ ಅದನ್ನೇ ಹೇಳಿದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ ಸಂಗತಿ. 'ಕಬ್ಬಿಣ ತುಂಬಿದೆ' ಎಂದು ಹೇಳಿ ರಕ್ತಹೀನತೆ ಇರುವ ಬಸುರಿಗೆ ಕಕಾವೊ ಕೊಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಲೆಕ್ಕದಲ್ಲಿ ನಲವತ್ತು ಗ್ರಾಂಗೆ ಏಳು ಮಿಲಿಗ್ರಾಂನಷ್ಟು ಕಬ್ಬಿಣ ಇದೆ, ನಿಜ. ಆದರೆ ಅದೇ ಬೀಜದ ಒಗರು ಸತ್ವಗಳಾದ ಪಾಲಿಫೀನಾಲ್‌ಗಳು ಕರುಳಿನಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ, ರಕ್ತಕ್ಕೆ ಸುಲಭವಾಗಿ ಸೇರಲು ಬಿಡುವುದಿಲ್ಲ. ಅದರದ್ದನ್ನು ಮಾತ್ರವಲ್ಲ, ಜೊತೆಗೆ ತಿಂದ ಸೊಪ್ಪಿನದ್ದನ್ನೂ ಮಾತ್ರೆಯದ್ದನ್ನೂ. ಬಸುರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿ ಆ ಸಾಲಿನಲ್ಲಿದ್ದರು. ಮಾತ್ರೆ ಕ್ರಮವಾಗಿ ನುಂಗಿದರೂ ಏಕೆ ಏರುತ್ತಿಲ್ಲ ಎಂದು ಕೇಳಿಕೊಂಡು ಬರುವವರ ಪೈಕಿ ಎಷ್ಟೋ ಮಂದಿ ಮಾತ್ರೆಯ ಬೆನ್ನಿಗೇ ಕಾಫಿಯನ್ನೋ ಚಹಾವನ್ನೋ ಕುಡಿಯುವವರು. ಕಕಾವೊ ಕೂಡ ಆ ಪಂಕ್ತಿಗೇ ಸೇರಿದ್ದು. ಮಾತ್ರೆ ನುಂಗುವುದು ಬೆಳಿಗ್ಗೆಯಾದರೆ ಕಕಾವೊ ಮಧ್ಯಾಹ್ನಕ್ಕೆ ಇರಲಿ. ಎರಡರ ನಡುವೆ ಎರಡು ಗಂಟೆಯಾದರೂ ಬಿಡುವು ಬೇಕು.

ಏಳನೇ ತಿಂಗಳಾದ್ದರಿಂದ ಇನ್ನೊಂದು ವಿಷಯ. ಹೊಟ್ಟೆಯೊಳಗಿನ ಮಗುವಿನ ಹೃದಯದ ಬಳಿ ಡಕ್ಟಸ್ ಆರ್ಟೀರಿಯೋಸಸ್ ಎಂಬ ರಕ್ತನಾಳ ಇರುತ್ತದೆ. ಅದು ಹುಟ್ಟುವವರೆಗೂ ತೆರೆದಿರಬೇಕು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ಕೊನೆಯ ತಿಂಗಳುಗಳಲ್ಲಿ ಬೇಡ ಎನ್ನುವುದು ಅವು ಆ ನಾಳವನ್ನು ಕಿರಿದಾಗಿಸುತ್ತವೆ ಎಂಬ ಕಾರಣಕ್ಕೇ. ಪಾಲಿಫೀನಾಲ್ ಹೆಚ್ಚಿರುವ ಆಹಾರವನ್ನು ಕೊನೆಯ ತ್ರೈಮಾಸಿಕದಲ್ಲಿ ವಿಪರೀತ ಸೇವಿಸಿದರೂ ಇಂಥ ಪರಿಣಾಮ ಆಗಬಹುದೆಂದು ಬ್ರೆಜಿಲ್‌ನ ಭ್ರೂಣ ಹೃದಯ ತಜ್ಞರು ಹೇಳಿದ್ದಾರೆ. ಅಂಥ ಆಹಾರ ಕಡಿಮೆ ಮಾಡಿದಾಗ ಸರಿಹೋಗಿದ್ದನ್ನೂ ಅವರು ದಾಖಲಿಸಿದ್ದಾರೆ. ಒಂದು ತುಂಡು ಚಾಕೊಲೇಟ್ ತಿಂದವರು ಇದಕ್ಕೆ ಹೆದರಬೇಕಾಗಿಲ್ಲ. ದಿನವೂ ತುಂಬಿದ ಲೋಟ ಕುಡಿಯುವವರು ಮಾತ್ರ ಖಂಡಿತ ನಿಲ್ಲಿಸಬೇಕು.

ಚಾಕೊಲೇಟಿನಿಂದ ಬಸಿರಿನ ರಕ್ತದೊತ್ತಡ ತಗ್ಗುತ್ತದೆ ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ಕೆನಡಾದ ಕ್ವಿಬೆಕ್‌ನಲ್ಲಿ 129 ಗರ್ಭಿಣಿಯರಿಗೆ ದಿನಕ್ಕೆ 30 ಗ್ರಾಂ ಚಾಕೊಲೇಟ್ ಕೊಟ್ಟು ನೋಡಿದರು. ಕೆಲವರಿಗೆ ಫ್ಲೇವನಾಲ್ ಎಂಬ ಪಾಲಿಫೀನಾಲ್ ಹೆಚ್ಚಿರುವುದು, ಉಳಿದವರಿಗೆ ಕಡಿಮೆ ಇರುವುದು. ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ.

ನಮ್ಮ ತೋಟದಲ್ಲಿ ಕಂಡದ್ದನ್ನೂ ಹೇಳಿಬಿಡುತ್ತೇನೆ. ಕೊಕ್ಕೊ ಕಾಯಿಯನ್ನು ಕಲ್ಲಿಗೆ ಕುಟ್ಟಿ ಒಡೆದರೆ ಬಿಳಿ ತಿರುಳಿನೊಳಗೆ ಬೀಜಗಳು ಅಂಟಿಕೊಂಡಿರುತ್ತವೆ. ಚಿಕ್ಕವರಿದ್ದಾಗ ಆ ಹುಳಿಸಿಹಿ ತಿರುಳನ್ನು ಚೀಪಿ ಬೀಜವನ್ನು ಬುಟ್ಟಿಗೆ ಉಗಿಯುತ್ತಿದ್ದೆವು. ಮನೆಯಲ್ಲಿ ಒಣ ಕೊಕ್ಕೊ ಮಾಡುವುದಾದರೆ ಬೀಜವನ್ನು ಬಾಳೆಲೆ ಮುಚ್ಚಿ ಆರು ದಿನ ಹುದುಗಲು ಬಿಟ್ಟು, ಆಮೇಲೆ ಅಂಗಳದಲ್ಲಿ ಹರಡುತ್ತಿದ್ದರು. ಅಂಗಳವೆಂದ ಮೇಲೆ ಕೋಳಿ ಓಡಾಡುತ್ತದೆ, ನಾಯಿ ಮಲಗುತ್ತದೆ. ಸಾಲ್ಮೊನೆಲ್ಲಾದಂತಹ ರೋಗಾಣುಗಳು ಸಾಯುವುದು ಹುರಿಯುವ ಹಂತದಲ್ಲಿ. ಪುತ್ತೂರಿನಲ್ಲಿ 1986ರಿಂದ ನಡೆಯುತ್ತಿರುವ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯ ಹತ್ತಿರ ಹೋದರೆ ಮೂಗಿಗೆ ಬಡಿಯುವುದು ಆ ಹುರಿದ ಪರಿಮಳವೇ. ಈಗ 'ಹಸಿ ಕಕಾವೊ', 'ಹುರಿಯದ ಕಕಾವೊ' ಎಂದು ಹೆಮ್ಮೆಯಿಂದ ಮಾರುತ್ತಾರೆ. ಬಸುರಿ, ಬಾಣಂತಿ ಅದನ್ನು ಮುಟ್ಟಲೇಬಾರದು. ಜೊತೆಗೆ ಲ್ಯಾಟಿನ್ ಅಮೆರಿಕದ ಕೆಲವು ಭಾಗದ ಮಣ್ಣಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಹೆಚ್ಚು, ಅದು ಬೀಜಕ್ಕೂ ಇಳಿಯುತ್ತದೆ. ಯುರೋಪ್ ಒಕ್ಕೂಟ 2019ರಿಂದ ಇದಕ್ಕೆ ಮಿತಿ ಹಾಕಿದೆ. ಶೇ 50 ಅಥವಾ ಅದಕ್ಕಿಂತ ಹೆಚ್ಚು ಕೋಕೋ ಇರುವ ಚಾಕೊಲೇಟ್‌ನಲ್ಲಿ ಕಿಲೋಗೆ 0.80 ಮಿಲಿಗ್ರಾಂ ದಾಟಬಾರದು. ಮಾರುವವರಲ್ಲಿ ಪರೀಕ್ಷಾ ವರದಿ ಕೇಳಿ. ಕೊಡಲಾರದವರಿಂದ ಕೊಳ್ಳಬೇಡಿ.

ಹೆತ್ತ ಮೇಲಿನ ಮಾತು. ಥಿಯೋಬ್ರೊಮಿನ್, ಕೆಫೀನ್ ಎರಡೂ ಎದೆಹಾಲಿಗೆ ಇಳಿಯುತ್ತವೆ, ಪ್ರಮಾಣ ಸಣ್ಣದು. ಆದರೆ ಎಳೆ ಕೂಸಿನ ಯಕೃತ್ತಿಗೆ ಕೆಫೀನನ್ನು ಬೇಗ ಕರಗಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಒಮ್ಮೆ ಸೇರಿದ್ದು ದಿನಗಟ್ಟಲೆ ಉಳಿಯುತ್ತದೆ. ಮೂರು ನಾಲ್ಕು ತಿಂಗಳಾದ ಮೇಲೆ ಸುಧಾರಿಸುತ್ತದೆ. ಆದ್ದರಿಂದ ಬಾಣಂತನದಲ್ಲಿ ದೊಡ್ಡ ಲೋಟ ಬೇಡ. ಹತ್ತು ಗ್ರಾಂ ಹೆರೆದು ತೆಳುವಾಗಿ ಮಾಡಿ, ಹಗಲು ಹೊತ್ತು, ಮಗುವಿಗೆ ಹಾಲೂಡಿಸಿದ ಕೂಡಲೇ ಕುಡಿದು ನೋಡಿ. ಮಗು ಕಿರಿಕಿರಿ ಮಾಡಿದರೆ, ನಿದ್ದೆ ಬಿಟ್ಟರೆ ಕೆಲವು ವಾರ ಬಿಟ್ಟುಬಿಡಿ. ಇದರಿಂದ ಹಾಲು ಹೆಚ್ಚುತ್ತದೆ ಎಂಬ ಭರವಸೆ ಮಾತ್ರ ಇಟ್ಟುಕೊಳ್ಳಬೇಡಿ. ಹಾಲು ಹೆಚ್ಚುವುದು ಮಗು ಮತ್ತೆ ಮತ್ತೆ ಚೀಪಿದಾಗ.

ಓಹಾಕಾದ ಕನ್ನಡತಿ:

ಪುತ್ತೂರಿನ ಅಕ್ಕ ಬರೆದಿದ್ದು ಓದಿ ನಾನೂ ಒಂದಿಷ್ಟು ಸೇರಿಸಬೇಕೆನಿಸಿತು. ಗಂಡನ ಕೆಲಸದ ನಿಮಿತ್ತ ಮೆಕ್ಸಿಕೊದ ಓಹಾಕಾ ನಗರದಲ್ಲಿದ್ದೇವೆ. ನನ್ನ ಮಗಳು ಹುಟ್ಟಿದ್ದು ಇಲ್ಲೇ. ಕಕಾವೊ ಈ ಸೀಮೆಯಲ್ಲಿ ಬಹಳ ಹಳೆಯದು, ಅದರಲ್ಲಿ ಸಂಶಯವಿಲ್ಲ. ಯುಕಟಾನಿನ ಮಾಯಾ ಜನ ಮಕ್ಕಳ ಸಂಸ್ಕಾರದಲ್ಲಿ ಹೂವು, ಕಕಾವೊ ಅರೆದು ಬೆರೆಸಿದ ನೀರನ್ನು ಬಳಸುತ್ತಿದ್ದರೆಂದು 16ನೇ ಶತಮಾನದ ಸ್ಪ್ಯಾನಿಷ್ ಪಾದ್ರಿ ಲಾಂಡಾ ಬರೆದಿಟ್ಟಿದ್ದಾರೆ. ಆದರೆ ಶಾಲ್ಮಲೆ ವಿವರಿಸಿದ, ನಲವತ್ತು ಗ್ರಾಂ ಅಳೆದು ವೃತ್ತದಲ್ಲಿ ಕುಳಿತು ಧ್ಯಾನಕ್ಕೆಂದು ಕುಡಿಯುವ ರೀತಿ ಗ್ವಾಟೆಮಾಲಾದ ಅಟಿಟ್ಲಾನ್ ಸರೋವರದ ದಡದಲ್ಲಿ, ಹೊರಗಿನಿಂದ ಬಂದು ನೆಲೆಸಿದವರ ನಡುವೆ ಈ ಶತಮಾನದಲ್ಲಿ ಬೆಳೆದದ್ದು. ಬಸುರಿಯರು ಸಾವಿರಾರು ವರ್ಷದಿಂದ ಹೀಗೆಯೇ ಕುಡಿದರು ಎಂಬ ಮಾತನ್ನು ಇಲ್ಲಿಯ ಹೆಂಗಸರ ಬಾಯಲ್ಲಿ ನಾನು ಕೇಳಿಲ್ಲ.

ಇಲ್ಲಿ ಬಾಣಂತಿಗೆ ಏನು ಕೊಡುತ್ತಾರೆಂದು ಹೇಳುತ್ತೇನೆ. ಹೆತ್ತ ಮೇಲೆ ನಲವತ್ತು ದಿನದ ಬಾಣಂತನ ಇವರಲ್ಲೂ ಉಂಟು. ತಣ್ಣೀರು ಮುಟ್ಟುವಂತಿಲ್ಲ, ತಲೆಗೆ ಗಾಳಿ ತಾಗುವಂತಿಲ್ಲ. ನನ್ನ ಅಮ್ಮ ವೀಸಾ ಸಿಗದೆ ಬರಲಾಗದಿದ್ದಾಗ ಪಕ್ಕದ ಮನೆಯ ಅಜ್ಜಿ ಬೆಳಗಾದರೆ ಮಣ್ಣಿನ ಬೋಗುಣಿಯಲ್ಲಿ ಚಾಕೊಲೇಟ್ ಹಾಕಿದ ಅತೋಲೆ ತರುತ್ತಿದ್ದರು. ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಕಾಯಿಸಿದ ಗಂಜಿ ಅದು. ಅದಕ್ಕೆ ಬೀಳುತ್ತಿದ್ದುದು ಒಂದೇ ಒಂದು ಸಣ್ಣ ಬಿಲ್ಲೆ. ಮೀನಾ ಬೀದಿಯ ಗಿರಣಿಯಲ್ಲಿ ಹುರಿದ ಕಕಾವೊ, ದಾಲ್ಚಿನ್ನಿ, ಬಾದಾಮಿ, ಸಕ್ಕರೆ ಸೇರಿಸಿ ಅವರೇ ನಿಂತು ಬೀಸಿಸಿ ತಂದದ್ದು. ನಮ್ಮ ಕಡಗೋಲಿನಂತಹ ಮರದ ಕೋಲನ್ನು ಎರಡು ಅಂಗೈ ನಡುವೆ ಹೊಸೆದು ನೊರೆ ಬರಿಸುತ್ತಿದ್ದರು. ಕುಡಿದರೆ ಹೊಟ್ಟೆ ತುಂಬುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಕಕಾವೊ ಅದರಲ್ಲಿ ಘಮಕ್ಕಷ್ಟೇ, ಬಲ ಜೋಳದ್ದು. ನೀವು ತವರಿಗೆ ಗಟ್ಟಿ ಒಯ್ದರೆ ರಾಗಿ ಅಂಬಲಿಗೆ ಚಿಕ್ಕದೊಂದು ಚೂರು ಹಾಕಿ, ಬೆಲ್ಲ ಸೇರಿಸಿ ಮಾಡಿ ನೋಡಿ. ನಾನು ಈಗಲೂ ಹಾಗೆಯೇ ಮಾಡುತ್ತೇನೆ, ರಾಗಿ ಹಿಟ್ಟು ಊರಿನಿಂದ ಬಂದಾಗ.

ಹುಬ್ಬಳ್ಳಿಯಿಂದ ಅಕ್ಕ:

ಇಲ್ಲಿ ಯಾರೂ ಹೇಳದ ಒಂದು ಮಾತು. ಹೆರಿಗೆಯ ನಂತರದ ಖಿನ್ನತೆಗೆ ನನ್ನ ತಂಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಅವಳು ಹೋಗುತ್ತಿದ್ದ ಒಂದು ಕಕಾವೊ ಕೂಟದಲ್ಲಿ, 'ಇದು ಮನಸ್ಸನ್ನು ತೆರೆಯುತ್ತದೆ, ಮಾತ್ರೆ ಬಿಟ್ಟು ಬಾ' ಎಂದು ಒಬ್ಬರು ಸಲಹೆ ಕೊಟ್ಟರು. ಅವಳು ಬಿಟ್ಟಳು. ಮುಂದಿನ ವಾರಗಳಲ್ಲಿ ಮಗುವನ್ನು ಎತ್ತಿಕೊಳ್ಳಲೂ ಅವಳಿಗೆ ಆಗದೆ ಮನೆಯವರೆಲ್ಲ ಕಂಗಾಲಾದೆವು. ಖಿನ್ನತೆಯ ಮಾತ್ರೆ ಸೇವಿಸುವವರು ಹೆಚ್ಚು ಪ್ರಮಾಣದ ಕಕಾವೊ ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕೆಂದು ಮಾರುವವರೇ ಎಷ್ಟೋ ಕಡೆ ಬರೆದಿರುತ್ತಾರೆ. ಎರಡರಲ್ಲಿ ಒಂದನ್ನು ಬಿಡುವುದಾದರೆ ಬಿಡಬೇಕಾದ್ದು ಕಕಾವೊ. ದಯವಿಟ್ಟು ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ.

ಶಾಲ್ಮಲೆ:

ಮೂವರಿಗೂ ಮನಸಾರೆ ಧನ್ಯವಾದ. ತರಗತಿಯವರಿಗೆ ಫೋನ್ ಮಾಡಿದೆ. ಅವರ ಗಟ್ಟಿ ಹುರಿದದ್ದೇ ಅಂತೆ, ಕ್ಯಾಡ್ಮಿಯಂ ವರದಿ ಕಳುಹಿಸುತ್ತೇವೆಂದಿದ್ದಾರೆ. ಮುಂದಿನ ಹುಣ್ಣಿಮೆಗೆ ಹೋಗುತ್ತೇನೆ, ಆ ವೃತ್ತದಲ್ಲಿ ಕೂರುವುದು ನನಗೆ ಬೇಕು, ಆದರೆ ನನ್ನ ಲೋಟಕ್ಕೆ ಬಿಸಿ ಹಾಲು ಹಾಕಿಸಿಕೊಳ್ಳುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಬ್ಬಿಣದ ಮಾತ್ರೆ ನುಂಗಿದರೆ ವಾಕರಿಕೆ ಬರುತ್ತದೆ. ಹಾಲಿನ ಜೊತೆ ನುಂಗಬಹುದೇ?

ಪುತ್ತೂರಿನ ಆಹಾರತಜ್ಞೆ:

ಹಾಲಿನ ಜೊತೆ ಬೇಡ, ಹಾಲಿನ ಸುಣ್ಣಾಂಶವೂ ಕಬ್ಬಿಣವನ್ನು ತಡೆಯುತ್ತದೆ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನೂ ಬೇರೆ ಹೊತ್ತಿಗೆ ಇಡಿ. ರಾತ್ರಿ ಊಟವಾಗಿ ಎರಡು ಗಂಟೆ ಕಳೆದ ಮೇಲೆ, ಮಲಗುವ ಮುಂಚೆ, ತೆಳುವಾದ ನಿಂಬೆ ಪಾನಕದ ಜೊತೆ ನುಂಗಿ. ಹುಳಿಗೆ ಎದೆಯುರಿ ಬರುವುದಾದರೆ ಬರೀ ನೀರು ಸಾಕು. ಆಗಲೂ ವಾಕರಿಕೆ ನಿಲ್ಲದಿದ್ದರೆ ವೈದ್ಯರಿಗೆ ಹೇಳಿ ಬೇರೆ ಬಗೆಯ ಕಬ್ಬಿಣದ ಮಾತ್ರೆ ಬರೆಸಿಕೊಳ್ಳಿ, ಇರುವುದನ್ನು ನಿಲ್ಲಿಸಬೇಡಿ. ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ, ಹಿಮೋಗ್ಲೋಬಿನ್ ಎಷ್ಟಾಯಿತೆಂದು ಇಲ್ಲಿ ಬರೆಯಿರಿ.