ತುಂಗೆಯ ಕಪ್ಪೆಚಿಪ್ಪಿಗೂ ಆಳಸಮುದ್ರದ ಕಪ್ಪೆಚಿಪ್ಪಿಗೂ ಎಂತ ನೆಂಟಸ್ತಿಕೆ?

ತೀರ್ಥಹಳ್ಳಿ ಹುಡುಗಿ:
ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಓದ್ತಿದ್ದೇನೆ. ಹೋದ ವಾರ ಸೆಮಿನಾರಿಗೆ ಆಳಸಮುದ್ರದ ದೊಡ್ಡ ಕಪ್ಪೆಚಿಪ್ಪಿನ ವಿಷಯ ತಗೊಂಡಿದ್ದೆ. ಹಳೇ ಪುಸ್ತಕದಲ್ಲಿ ಅದು ಕ್ಯಾಲಿಪ್ಟೊಜೆನಾ ಮ್ಯಾಗ್ನಿಫಿಕಾ. ನಾನು ಈಗಿನ ಹೆಸರು, ಟರ್ನೆರೊಕಾಂಕಾ ಮ್ಯಾಗ್ನಿಫಿಕಾ ಅಂತ ಬರೆದೆ. "ಇಲ್ಲದ ಹೆಸರು ಎಲ್ಲಿಂದ ತಂದೆ?" ಅಂತ ಅಲ್ಲಿದ್ದವರೊಬ್ಬರು ಎಲ್ಲರ ಎದುರು ಕೇಳಿದರು. ಬಾಯಿ ಕಟ್ಟಿಹೋಯ್ತು. ಭಾನುವಾರ ಊರಿಗೆ ಹೋದಾಗ ಹೊಳೆಯಲ್ಲಿ ನೀರು ಇಳಿದಿತ್ತು, ರಾಮಮಂಟಪದ ಹತ್ತಿರ ಬಂಡೆಸಂದಿಯ ಮರಳಲ್ಲಿ ನಾಲ್ಕು ಖಾಲಿ ಚಿಪ್ಪು ಹೆಕ್ಕಿಕೊಂಡು ಬಂದೆ. ಅವನ್ನು ಮುಂದಿಟ್ಟುಕೊಂಡೇ ಕೇಳ್ತಿದ್ದೇನೆ. ಇವೂ ಅವೂ ಒಂದೇ ವಂಶದವಾ? ಹೆಸರು ಯಾಕೆ ಬದಲಾಯ್ತು?

ಹೊಸನಗರದ ತೋಟದವರು:
ನಂಗೂ ತಿಳ್ಕೊಳ್ಳೋ ಆಸೆ. ಅಷ್ಟು ಆಳದಲ್ಲಿ ಬಿಸಿಲೇ ಇಲ್ಲ ಅಂದ್ಮೇಲೆ ಅವು ತಿನ್ನೋದು ಎಂತ? ನಮ್ಮ ಹೊಳೆಯವು ನೀರು ಸೋಸಿ ತಿಂತಾವೆ ಅಂತ ಗೊತ್ತು.

ಭದ್ರಾವತಿಯ ನಿವೃತ್ತ ಮೇಷ್ಟ್ರು:
ಮಗು, ನೀನು ಬರೆದ ಹೆಸರು ಸರಿ. ಇನ್ನೊಮ್ಮೆ ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳು.

ಕ್ಯಾಲಿಪ್ಟೊಜೆನಾ ಅನ್ನೋ ಕುಲವನ್ನು (ಜೋಡಿಹೆಸರಿನ ಮೊದಲ ಭಾಗ ಕುಲದ್ದು, ಎರಡನೆಯದು ಪ್ರಭೇದದ್ದು) 1891ರಲ್ಲಿ ಡಾಲ್ ಎಂಬುವರು ಹೆಸರಿಸಿದರು, ಪೆಸಿಫಿಕಾ ಅನ್ನೋ ಪ್ರಭೇದವನ್ನು ಮಾದರಿಯಾಗಿಟ್ಟು. 1977ರಲ್ಲಿ ಗ್ಯಾಲಪಗೋಸ್ ಹತ್ತಿರ ಸುಮಾರು 2500 ಮೀಟರ್ ಆಳದಲ್ಲಿ ಬಿಸಿನೀರಿನ ಚಿಲುಮೆಗಳು ಸಿಕ್ಕವು. ಅಲ್ಲಿ ಗೇಣುದ್ದದ ಬಿಳಿ ಚಿಪ್ಪುಗಳಿದ್ದವು. ಕೆನೆತ್ ಬಾಸ್ ಮತ್ತು ರೂತ್ ಟರ್ನರ್ 1980ರಲ್ಲಿ ಅವಕ್ಕೆ ಮ್ಯಾಗ್ನಿಫಿಕಾ ಅಂತ ಹೆಸರಿಟ್ಟು ಅದೇ ಕುಲಕ್ಕೆ ಸೇರಿಸಿದರು. ಆಮೇಲೆ ಗಂಧಕದ ಕೆಸರಲ್ಲಿ ಸಿಕ್ಕ ದೊಡ್ಡ ಚಿಪ್ಪುಗಳೆಲ್ಲ ಆ ಹೆಸರಿನಡಿ ಬಂದು ಬಿದ್ದವು. ಡಿಎನ್ಎ ನೋಡಿದಾಗ ಅವೆಲ್ಲ ಒಂದೇ ಮನೆಯವಲ್ಲ ಅಂತ ಗೊತ್ತಾಯ್ತು. ಒಂದೇ ತರದ ಜಾಗದಲ್ಲಿ ಬದುಕಿ ಬದುಕಿ ಒಂದೇ ತರ ಕಾಣ್ತಿದ್ದವು, ಅಷ್ಟೇ. ಮನೆ ಪಾಲಾದರೆ ಹಳೇ ಹೆಸರು ಮಾದರಿ ಪ್ರಭೇದದ ಕಡೆಗೇ ಹೋಗಬೇಕು, ಅದು ನಿಯಮ. ಹಾಗಾಗಿ ಮ್ಯಾಗ್ನಿಫಿಕಾಕ್ಕೆ 2020ರಲ್ಲಿ ಹೊಸ ಕುಲನಾಮ ಬಂತು, ಟರ್ನರ್ ಅವರ ನೆನಪಿಗೆ. ಆಲ್ವಿನ್ ಜಲಾಂತರ್ಗಾಮಿಯಲ್ಲಿ ಇಳಿದ ಮೊದಲ ಮಹಿಳಾ ವಿಜ್ಞಾನಿ ಆಕೆ. ಆ ಹೆಸರು ಅಲ್ಲಿರೋದು ನನಗೆ ಬಹಳ ಸಂತೋಷ.

ತೋಟದವರ ಪ್ರಶ್ನೆ ಚೆನ್ನಾಗಿದೆ. ಈ ಚಿಪ್ಪಿನ ಹೊಟ್ಟೆ ಹೆಸರಿಗೆ ಮಾತ್ರ. ಕಾಲನ್ನು ಬಂಡೆಯ ಬಿರುಕಿಗೆ ಇಳಿಸಿ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೀರುತ್ತೆ. ರಕ್ತ ನಮ್ಮದರಂತೆ ಕೆಂಪು, ಹಿಮೋಗ್ಲೋಬಿನ್ ಇದೆ. ಕಿವಿರಿನೊಳಗೆ ಮನೆಮಾಡಿರೋ ಬ್ಯಾಕ್ಟೀರಿಯಾಗಳು ಆ ಸಲ್ಫೈಡನ್ನು ಉರಿಸಿ ಆಹಾರ ಮಾಡಿಕೊಡ್ತಾವೆ. ನಿನ್ನೆಯ ಮೊಸರೇ ಇವತ್ತಿನ ಹಾಲಿಗೆ ಹೆಪ್ಪಾಗೋ ಹಾಗೆ, ಅವು ತಾಯಿಯ ಮೊಟ್ಟೆಯಲ್ಲೇ ಮರಿಗೆ ದಾಟ್ತಾವೆ. ಹೊರಗಿನ ಬದುಕು ಬಿಟ್ಟು ಎಷ್ಟೋ ಜೀನುಗಳನ್ನು ಕಳಕೊಂಡಿವೆ. ನಮ್ಮ ಕರುಳಿನಲ್ಲಿರೋ ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್ಎ ಸುಮಾರು 46 ಲಕ್ಷ ಅಕ್ಷರದ್ದು, ಇವುಗಳದ್ದು 12 ಲಕ್ಷದ ಆಸುಪಾಸು. ಆದರೆ ಈ ಆಳದ ಚಿಪ್ಪಿನ ಕುಟುಂಬದಲ್ಲೇ ಪುಟಾಣಿ ಚಿಪ್ಪುಗಳ ಇನ್ನೊಂದು ಶಾಖೆ ಇದೆ, ಅವುಗಳ ಕರುಳು ಕೆಲಸ ಮಾಡುತ್ತೆ.

ಇನ್ನು ನಿನ್ನ ಚಿಪ್ಪು. ತೊಳೆದು ಕಿಟಕಿ ಬೆಳಕಿಗೆ ಹಿಡಿ. ಒಳಗೆ ಮುತ್ತಿನ ಹೊಳಪು, ಕೀಲಿನ ಉದ್ದಕ್ಕೂ ತೆಳ್ಳಗಿನ ಪಟ್ಟಿಯಂಥ ಹಲ್ಲು ಕಂಡರೆ ಅದು ಯೂನಿಯನಿಡಾ ಗಣದ್ದು, ಅಂದರೆ ಸಿಹಿನೀರಿನ ಚಿಪ್ಪುಗಳ ದೊಡ್ಡ ಗುಂಪಿನದ್ದು. ಆಳದ ಚಿಪ್ಪಿಗೆ ಆ ಹೊಳಪಿಲ್ಲ, ಒಳಗೆಲ್ಲ ಪಿಂಗಾಣಿ ಬಿಳುಪು. ಈ ಎರಡು ಕವಲು ಡೈನೋಸಾರ್‌ಗಳಿಗಿಂತ ಎಷ್ಟೋ ಮೊದಲೇ ಬೇರೆಯಾದವು.

ಸಾಗರದ ಸೊಸೆ:
ನನ್ನ ತವರು ಉಡುಪಿ ಕಡೆ. ಘಟ್ಟ ಹತ್ತಿ ಬರೋ ಮೀನಿನ ಗಾಡಿಯಲ್ಲಿ ಒಮ್ಮೊಮ್ಮೆ ಮರುವಾಯಿ ಸಿಗುತ್ತೆ. ಸಾರು ಮಾಡಿದ ಮೇಲೆ ಚಿಪ್ಪು ನೋಡಿದ್ದೇನೆ, ಒಳಗೆ ಬಿಳಿ, ಹೊಳಪಿಲ್ಲ. ಅದು ಯಾವ ಕಡೆ ಮೇಷ್ಟ್ರೇ?

ಭದ್ರಾವತಿಯ ನಿವೃತ್ತ ಮೇಷ್ಟ್ರು:
ನಿಮ್ಮ ಮರುವಾಯಿ ಮತ್ತು ಆಳದ ಚಿಪ್ಪು ಎರಡೂ ವೆನೆರಿಡಾ ಗಣ. ನಿಮ್ಮ ಸಾರಿನ ಪಾತ್ರೆಯಲ್ಲಿದ್ದದ್ದೇ ಅದಕ್ಕೆ ಹತ್ತಿರದ ನೆಂಟ, ತುಂಗೆಯದ್ದಲ್ಲ.

ರೂಪ ನಂಬಿ ಮೋಸಹೋದ ಕಥೆ ನಮ್ಮ ಹೊಳೆಯಲ್ಲೂ ಇದೆ. ಭದ್ರಾ, ತುಂಗೆಯ ಬಂಡೆಗೆ ಸಿಮೆಂಟು ಹಾಕಿದಂತೆ ಅಂಟಿಕೊಳ್ಳೋ ಒಂದು ಸಿಹಿನೀರಿನ ಚಿಪ್ಪಿದೆ, ಸ್ಯೂಡೊಮುಲ್ಲೇರಿಯಾ. ಸ್ಮಿತ್ ಅದನ್ನು 1898ರಲ್ಲಿ ವಿವರಿಸಿದಾಗ ದಕ್ಷಿಣ ಅಮೆರಿಕದ ಅಂಟುಚಿಪ್ಪಿನ ಜೊತೆ ಇಟ್ಟರು. 2000ದಲ್ಲಿ ಬೋಗನ್ ಮತ್ತು ಹೋ ಡಿಎನ್ಎ ನೋಡಿದರೆ, ಅದು ನಿನ್ನ ಕೈಲಿರೋ ಮಾಮೂಲಿ ಹೊಳೆಚಿಪ್ಪಿನ ಕುಟುಂಬದ್ದೇ! ಬಂಡೆಗೆ ಅಂಟೋದನ್ನು ಅದು ತಾನಾಗಿ ಕಲಿತದ್ದು.

ತೀರ್ಥಹಳ್ಳಿ ಹುಡುಗಿ:
ಹಿಡಿದು ನೋಡಿದೆ ಸಾರ್. ಮೇಲೆ ಕೀಲಿನ ಹತ್ತಿರ ಸಿಪ್ಪೆ ಎದ್ದು ಸವೆದಿದೆ, ಒಳಗೆ ತಿಳಿ ಗುಲಾಬಿ ಹೊಳಪು, ಪಟ್ಟಿಹಲ್ಲೂ ಇದೆ. ಮುಂದಿನ ವಾರ ಬಂಡೆಗೆ ಅಂಟಿದ್ದನ್ನೂ ಹುಡುಕ್ತೇನೆ.

ಭದ್ರಾವತಿಯ ನಿವೃತ್ತ ಮೇಷ್ಟ್ರು:
ಹುಡುಕು. ಸಿಕ್ಕರೆ ಕೀಳಬೇಡ ಮಗು, ನಮ್ಮ ಘಟ್ಟದ ಹೊಳೆ ಬಿಟ್ಟರೆ ಜಗತ್ತಲ್ಲಿ ಬೇರೆಲ್ಲೂ ಅದಿಲ್ಲ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆದು ಇಲ್ಲಿ ಹಾಕು.